ಗಂಟು ಬಿಚ್ಚಿದ ಕೈ

ನನ್ನ ಹೆಸರು ಸಹನಾ. ಹೆಸರಿಡುವಾಗ ನನ್ನನ್ನು ಯಾರೂ ಕೇಳಿರಲಿಲ್ಲ, ಕೇಳಿದ್ದರೆ ಬೇರೆ ಇಡಿಸಿಕೊಳ್ಳುತ್ತಿದ್ದೆ. ಯಲಬುರ್ಗಾದ ಕಾಲೇಜಿಗೆ ದಿನಾ ಬಸ್ಸಿಗೆ ನೇತಾಡಿಕೊಂಡು ಹೋಗಿ ಬಿ.ಎ. ಓದುವವಳು ನಾನು. ಬಸ್ಸಿನಲ್ಲಿ ಕಂಡಕ್ಟರ್ ಜೊತೆ, ತರಗತಿಯಲ್ಲಿ ಸರ್ ಜೊತೆ, ಮನೆಯಲ್ಲಿ ಅಪ್ಪನ ಜೊತೆ ನನ್ನದು ಜಗಳವೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ‘ಹುಡುಗಿ ಯಾಕೆ ಹಾಗೆ ಮಾಡಿದಳು’ ಎಂದು ಯಾರೂ ಕೇಳಬಾರದು.

ಆ ವರ್ಷ ಕನ್ನಡ ಪಠ್ಯದಲ್ಲಿ ಒಂದು ಕಥನ ಕವನ ಇತ್ತು. ಬೇರೆ ಯಾವುದೋ ಭಾಷೆಯಿಂದ ಬಂದ ಸಮುದ್ರದ ಕಥೆ. ಇಡೀ ತರಗತಿಯಲ್ಲಿ ಸಮುದ್ರ ನೋಡಿದವಳು ನನ್ನ ಗೆಳತಿ ಮುಬಾಶಿರಾ ಒಬ್ಬಳೇ. ಅದೂ ಗೋವಾಕ್ಕೆ ಮದುವೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ. ಉಳಿದ ನಮಗೆಲ್ಲ ದೊಡ್ಡ ನೀರು ಅಂದರೆ ಹುಲಿಗೆಮ್ಮ ದೇವಿಯ ಜಾತ್ರೆಗೆ ಹುಲಿಗಿಗೆ ಹೋದಾಗ ಕಾಣುವ ಡ್ಯಾಮು ಅಷ್ಟೇ.

ಕಥೆ ಹೀಗಿತ್ತು. ಒಬ್ಬ ಹಡಗಿನ ಯಜಮಾನ. ಅವನ ಹಡಗಿನ ಹಿಂದೆ ಹಗ್ಗ ಹಾಕಿ ಕಟ್ಟಿದ ಒಂದು ದೋಣಿ, ಅದರ ತುಂಬ ಕೂಲಿಗೆ ಹೊರಟ ಜನ. ಬಿರುಗಾಳಿ ಏಳುತ್ತದೆ. ದೋಣಿಯ ಜಗ್ಗಾಟಕ್ಕೆ ಹಡಗು ವಾಲುತ್ತದೆ. ಯಜಮಾನ ಗಂಟು ಬಿಚ್ಚಿ ದೋಣಿಯನ್ನು ಬಿಟ್ಟುಬಿಡುತ್ತಾನೆ. ದಡಕ್ಕೆ ಬಂದು ‘ಹಗ್ಗ ಹರಿಯಿತು’ ಅನ್ನುತ್ತಾನೆ. ಆವತ್ತಿನಿಂದ ಅವನು ಕಟ್ಟಿದ ಯಾವ ಗಂಟೂ ನಿಲ್ಲುವುದಿಲ್ಲ. ಹಾಯಿ ಕಟ್ಟಿದರೆ ಬಿಚ್ಚುತ್ತದೆ, ಸರಕು ಕಟ್ಟಿದರೆ ಬಿಚ್ಚುತ್ತದೆ. ಕೊನೆಗೆ ಒಂದು ದಿನ ಬಂದರಿನ ಕಂಬಕ್ಕೆ ಕಟ್ಟಿದ ಹಗ್ಗವೂ ಬಿಚ್ಚಿಕೊಂಡು, ಊರಿನ ಜನ ನೋಡುತ್ತಿರುವಂತೆಯೇ ಹಡಗು ಕೊಚ್ಚಿಹೋಗುತ್ತದೆ. ಯಜಮಾನನೂ ಮುಳುಗುತ್ತಾನೆ, ಆಳುಗಳೂ ಮುಳುಗುತ್ತಾರೆ.

“ಇದರ ಸಂದೇಶ ಏನಪಾ ಅಂದ್ರ,” ಎಂದರು ನಮ್ಮ ದೇವೇಂದ್ರಪ್ಪ ಸರ್, “ಪಾಪ ಮಾಡಿದವರನ್ನ ಪ್ರಕೃತಿ ಬಿಡೂದಿಲ್ಲ. ಬರಕೋರಿ. ಪರೀಕ್ಷಾಕ್ಕ ಬರ್ತೈತಿ.”

ಎಲ್ಲರೂ ಬರೆದುಕೊಂಡರು. ನನ್ನ ಪೆನ್ನು ಏಳಲಿಲ್ಲ.

“ಸರ್, ಆಂವ ಗಂಟ ಬಿಚ್ಚೂ ಮುಂದ ಉಳದ ಆಳುಗೋಳು ಏನ ಮಾಡಾಕತ್ತಿದ್ರು?”

“ಅದು ಪದ್ಯದಾಗ ಇಲ್ಲವಾ. ಇಲ್ಲದ್ದನ್ನ ಕೇಳಬಾರದು.”

“ಇದ್ದದ್ದು ಪುಸ್ತಕದಾಗ ಐತಲ್ರಿ ಸರ್. ಇಲ್ಲದ್ದು ಕೇಳಾಕ ನೀವು ಅದೀರಿ.”

ತರಗತಿ ನಕ್ಕಿತು. ಸರ್ ಕೂಡ ನಕ್ಕರು, ಅವರು ಕೆಟ್ಟವರಲ್ಲ. ಆದರೆ ನಾನು ನಗಲಿಲ್ಲ. ಪ್ರಕೃತಿ ಬಿಡುವುದಿಲ್ಲವಂತೆ. ನಮ್ಮೂರಿಗೆ ಬಂದು ನೋಡಬೇಕಿತ್ತು ಆ ಪ್ರಕೃತಿ.

ನಮ್ಮೂರು ಇಟಗಿಯ ಆಚೆ, ಎರೆಹೊಲದ ನಡುವೆ. ಹಿಂದಿನ ವರ್ಷ ಹೆಸರುಕಾಯಿ ಬಿಡಿಸುವ ಕಾಲದಲ್ಲಿ ನಮ್ಮವ್ವ ಶಿವಲಿಂಗಮ್ಮ ಉಳಿದ ಹೆಂಗಸರ ಜೊತೆ ವಿರುಪಾಕ್ಷಿಯ ಟ್ರ್ಯಾಕ್ಟರಿನಲ್ಲಿ ಕೂಲಿಗೆ ಹೋಗಿದ್ದಳು. ಊರಿನಿಂದ ದೂರದ ಹೊಲಗಳಿಗೆ ಹೆಂಗಸರನ್ನು ಕರೆದುಕೊಂಡು ಹೋಗುವುದು ಆ ವಿರುಪಾಕ್ಷಿಯೇ, ಕೂಲಿ ಗೊತ್ತು ಮಾಡುವುದೂ ಅವನೇ. ಸಂಜೆ ತಿರುಗಿ ಬರುವಾಗ ಮೇಲೆಲ್ಲೋ ಮಳೆಯಾಗಿ ಹಳ್ಳ ತುಂಬಿತ್ತು. ಹೆಂಗಸರು ಬೇಡವೆಂದರೂ ಅವನು ಟ್ರ್ಯಾಕ್ಟರ್ ಇಳಿಸಿದ. ಟ್ರ್ಯಾಕ್ಟರ್ ದಂಡೆ ಸೇರಿತು. ಟ್ರಾಲಿ ಸೇರಲಿಲ್ಲ. ಬೇರೆ ಹೆಂಗಸರು ಜಾಲಿಕಂಟಿ ಹಿಡಿದು, ಮೈಯೆಲ್ಲ ಮುಳ್ಳು ಮಾಡಿಕೊಂಡು ಉಳಿದರು. ನಮ್ಮವ್ವ ಮರುದಿನ ಮೂರು ಹೊಲದಾಚೆ ಸಿಕ್ಕಳು. ಹೆಸರುಕಾಯಿಯ ಗಂಟು ಇನ್ನೂ ಸೊಂಟಕ್ಕೇ ಇತ್ತು.

‘ಪಿನ್ನು ಮುರಿಯಿತು’ ಎಂದ ವಿರುಪಾಕ್ಷಿ. ಟ್ರ್ಯಾಕ್ಟರಿಗೂ ಟ್ರಾಲಿಗೂ ನಡುವೆ ಕೊಂಡಿಯೊಳಗೆ ಇಳಿಬಿಡುವ ಕಬ್ಬಿಣದ ಪಿನ್ನು. ಮುರಿದ ತುಂಡು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಪೊಲೀಸರೂ ಹಾಗೆಯೇ ಬರೆದುಕೊಂಡು ಹೋದರು. ಊರಿಗೆ ಮಾತ್ರ ಒಳಗೊಳಗೇ ಅನುಮಾನವಿತ್ತು. ಅನುಮಾನ ಇದ್ದವರೆಲ್ಲ ಒಂದೇ ಮಾತು ಹೇಳಿದರು, ‘ಹುಲಿಗೆಮ್ಮ ನೋಡಿಕೊಳ್ತಾಳ.’ ಅವನ ಎಮ್ಮೆ ಕಾಲು ಮುರಿದುಕೊಂಡಾಗ ‘ನೋಡಿದಿಯಾ’ ಎಂದು ಕಣ್ಣು ಮಿಟುಕಿಸಿದರು. ಎಮ್ಮೆ ಏನು ಪಾಪ ಮಾಡಿತ್ತೋ ದೇವರಿಗೇ ಗೊತ್ತು. ಅದೇ ದೀಪಾವಳಿಗೆ ವಿರುಪಾಕ್ಷಿ ಎರಡನೇ ಟ್ರ್ಯಾಕ್ಟರ್ ತಂದು, ಹೂವಿನ ಹಾರ ಹಾಕಿ, ಊರೆಲ್ಲ ಮೆರವಣಿಗೆ ಮಾಡಿದ. ಅವನು ಕಟ್ಟಿದ ಗಂಟುಗಳೆಲ್ಲ ಗಟ್ಟಿಯಾಗಿಯೇ ಇದ್ದವು.

ಪದ್ಯ ಬಾಯಿಪಾಠ ಮಾಡಬೇಕಿತ್ತು. ನನಗೆ ಗಟ್ಟಿಯಾಗಿ ಓದಿದರೇ ತಲೆಗೆ ಹತ್ತುವುದು. ಒಂದು ಭಾನುವಾರ ಬೆಳಗ್ಗೆ ಕಟ್ಟೆಯ ಮೇಲೆ ಕೂತು ಓದುತ್ತಿದ್ದೆ. ಪಕ್ಕದ ಮನೆಯ ಗಾಳೆಮ್ಮ ಚಿಗವ್ವ ಅಲ್ಲೇ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವ್ವನ ಜೀವದ ಗೆಳತಿ ಆಕೆ. ಟ್ರಾಲಿಯಲ್ಲಿ ಆವತ್ತು ಎಲ್ಲರಿಗಿಂತ ಮುಂದೆ, ಅವ್ವನ ಪಕ್ಕ ಕೂತವಳು. ಉಳಿದು ಬಂದ ಮೇಲೆ ಆಕೆ ಆ ದಿನದ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ನಾನು ಗಂಟು ಬಿಚ್ಚುವ ಭಾಗಕ್ಕೆ ಬಂದೆ:

ಎಳೆದನೊಳಗೆ ಒಂದು ಮೊಳವ, ಸಡಿಲವಾಯ್ತು ಹಗ್ಗ;
ಎಳೆದುಕೊಂಡನೆಂದು ಜನರು ಮುಗಿದರೆಲ್ಲ ಕೈಯ.

ಮೊರದ ಸಪ್ಪಳ ನಿಂತಿತು.

“ಏನಂದಿ? ಇನ್ನೊಮ್ಮೆ ಓದು.”

ಓದಿದೆ. ಅರ್ಥವನ್ನೂ ಹೇಳಿದೆ. “ಬಿಗದ ಹಗ್ಗದ ಗಂಟು ಬಿಚ್ಚಾಕ ಬರೂದಿಲ್ಲಲ್ಲ ಚಿಗವ್ವ, ಅದಕ್ಕ ಆಂವ ಮದಲ ದೋಣೀನ ಚೂರು ಹತ್ರ ಎಳಕೊಂಡ. ದೋಣ್ಯಾಗಿನ ಮಂದಿ ತಮ್ಮನ್ನ ಉಳಸಾಕ ಎಳಕೊಂಡ ಅಂತ ತಿಳಕೊಂಡ್ರು.”

ಚಿಗವ್ವನ ಮುಖ ಬೂದಿಯಾಯಿತು. “ಸಾಕು. ಮುಂದ ಓದಬ್ಯಾಡ,” ಎಂದು ಎದ್ದಳು. ಮೊರ, ಜೋಳ ಎಲ್ಲ ಅಲ್ಲೇ ಬಿಟ್ಟು ಮನೆಯೊಳಗೆ ಹೋದಳು. ಜೋಳಕ್ಕೆ ಕೋಳಿ ಬಂದವು. ನಾನು ಓಡಿಸಲಿಲ್ಲ. ಆ ಎರಡು ಸಾಲನ್ನು ಮತ್ತೆ ಓದಿದೆ. ಬಿಗಿದ ಕೊಂಡಿಯಿಂದ ಪಿನ್ನು ಕೂಡ ಮೇಲೆ ಬರುವುದಿಲ್ಲ. ಸಡಿಲಾಗಬೇಕಾದರೆ ಟ್ರ್ಯಾಕ್ಟರ್ ಹಿಂದಕ್ಕೆ ಬರಬೇಕು.

ನಾನು ಆಕೆಯ ಹಿಂದೆಯೇ ನುಗ್ಗಿದೆ.

“ಚಿಗವ್ವ, ಟ್ರ್ಯಾಕ್ಟರ್ ಹಿಂದಕ್ಕ ಬಂತೇನು?”

“ನಾ ಏನೂ ನೋಡಿಲ್ಲ.”

“ನೋಡೀದಿ. ನಿನ್ನ ಮಾರಿ ಹೇಳಾಕತ್ತೈತಿ.”

“ಹುಲಿಗೆಮ್ಮ ನೋಡ್ಯಾಳ. ಆಕಿಗೆ ಬಿಟ್ಟೀನಿ.”

“ಹುಲಿಗೆಮ್ಮ ಟ್ರಾಲ್ಯಾಗ ಇರಲಿಲ್ಲ. ನೀ ಇದ್ದಿ.”

ಆಕೆ ನನ್ನ ಕೆನ್ನೆಗೆ ಹೊಡೆಯುತ್ತಾಳೆ ಅನಿಸಿತು. ಹೊಡೆಯಲಿಲ್ಲ. ಒಲೆಯ ಮುಂದೆ ಕೂತು, ನನ್ನ ಕಡೆ ನೋಡದೆ ಹೇಳಿದಳು: “ನೀ ಕಾಲೇಜ ಕಲತು ಎಲ್ಲ್ಯಾರ ಹೋಗಾಕಿ. ನನ್ನ ಸೊಸಿ ನಾಳೆ ಮುಂಜಾನೆ ಅದ ಟ್ರ್ಯಾಕ್ಟರ್ ಹತ್ತಬೇಕಲ್ಲವಾ ತಂಗಿ.”

ನನಗೆ ಸಿಟ್ಟು ಬಂತು, ಆಕೆಯ ಮೇಲೆ ಅಲ್ಲ. ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಹಡಗಿನ ಆಳುಗಳು ಗಂಟು ಬಿಚ್ಚಿದ ಕೈಯನ್ನು ನೋಡಿದ್ದರು. ನಾಳೆ ಮತ್ತೆ ಅದೇ ಹಡಗು ಹತ್ತಬೇಕಲ್ಲ ಎಂದು ಬಾಯಿ ಮುಚ್ಚಿಕೊಂಡರು. ಹತ್ತಿದರು. ಮುಳುಗಿದರು. ಸಮುದ್ರದ ನ್ಯಾಯ ಕಾಯುತ್ತಾ ಕೂತವರಿಗೆ ಸಿಕ್ಕಿದ್ದು ಅದು.

ಅಪ್ಪನಿಗೆ ಹೇಳಿದೆ. ಅಪ್ಪ ಕನಕಪ್ಪ ಅಂದರೆ ಸುತ್ತ ಹಳ್ಳಿಗೆಲ್ಲ ಸಾರಥಿ ಕನಕಪ್ಪ. ನಮ್ಮೂರ ದೊಡ್ಡಾಟದಲ್ಲಿ ಸಾರಥಿಯ ಪಾತ್ರ ಅವನದೇ. ರಾಜ ಬರಲಿ ರಾಕ್ಷಸ ಬರಲಿ, ರಂಗಕ್ಕೆ ಬಂದವರನ್ನು ‘ತಾವು ಯಾರು, ಎಲ್ಲಿಂದ ಬಂದಿರಿ, ಏನು ಕಾರಣ’ ಎಂದು ಸಾರಥಿ ಕೇಳಬೇಕು, ಬಂದವರು ಹೇಳಬೇಕು. ಹೇಳದೆ ಯಾರೂ ಒಂದು ಹೆಜ್ಜೆ ಕುಣಿಯುವ ಹಾಗಿಲ್ಲ. ಒಮ್ಮೆ ಆಟದ ನಡುವೆ ಯಾರದೋ ಹೋತ ರಂಗ ಹತ್ತಿಬಿಟ್ಟಿತು. ಅಪ್ಪ ಅದನ್ನೂ ಬಿಡಲಿಲ್ಲ. ‘ಗಡ್ಡಧಾರಿಗಳಾದ ತಾವು ಯಾವ ದೇಶದ ಅರಸರು’ ಎಂದು ಕೈಜೋಡಿಸಿ ಕೇಳಿ, ಅದು ಬ್ಯಾ ಎಂದ ಮೇಲೆಯೇ ಕೆಳಗಿಳಿಸಿದ. ಜನ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

ಅವ್ವ ಹೋದ ಮೇಲೆ ಅಪ್ಪ ತಾಳ ಮುಟ್ಟಿರಲಿಲ್ಲ.

“ಹಳ್ಳ ಒಯ್ತು. ಬಿಟ್ಟಬಿಡವ್ವಾ,” ಎಂದ.

“ಹೋತಕ್ಕ ಕೇಳಿದಾಂವ ನೀ. ವಿರುಪಾಕ್ಷಿಗೆ ಒಂದ ಮಾತು ಕೇಳಲಿಲ್ಲ,” ಎಂದೆ. ಅಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿ ಹೊರಗೆ ಹೋದ. ಆ ಮಾತು ಆಡಬಾರದಿತ್ತು ಅನಿಸಲಿಲ್ಲ. ಆಡಬೇಕಾದ ಮಾತೇ ಅದು.

ಅದೇ ತಿಂಗಳು ಕಾಲೇಜಿನ ಎನ್ನೆಸ್ಸೆಸ್ ಶಿಬಿರ ನಮ್ಮೂರಿಗೇ ಬಂತು. ಸರ್ ಅದರ ಅಧಿಕಾರಿ. ನಾವೆಲ್ಲ ಶಾಲೆಯ ಅಂಗಳ ಗುಡಿಸಿದೆವು, ಗಟಾರ ಬಳಿದೆವು, ಗಿಡ ನೆಟ್ಟೆವು. ನೀರಿನ ಟ್ಯಾಂಕರ್ ಕೊಟ್ಟವನು ವಿರುಪಾಕ್ಷಿ. ಕೊನೆಯ ಸಂಜೆ ಊರಿನವರ ಮುಂದೆ ಕಾರ್ಯಕ್ರಮ, ಮುಂದಿನ ಸಾಲಿನಲ್ಲಿ ಅವನಿಗೆ ಕುರ್ಚಿ.

“ಸರ್, ಆ ಪದ್ಯಾನ ದೊಡ್ಡಾಟ ಮಾಡಿ ಆಡ್ತೀವ್ರಿ,” ಎಂದೆ.

ಸರ್ ನನ್ನನ್ನೇ ನೋಡಿದರು. ಅವ್ವನ ವಿಷಯ ಅವರಿಗೂ ಗೊತ್ತು. “ಬರೇ ಪದ್ಯದಾಗ ಇದ್ದದ್ದು ಆಡ್ರಿ. ಗದ್ದಲ ಬ್ಯಾಡ.”

“ಪದ್ಯಾನ ಆಡ್ತೀವ್ರಿ ಸರ್.”

ಸುಳ್ಳಲ್ಲ. ನನ್ನ ಲೆಕ್ಕಾಚಾರ ಇಷ್ಟೇ ಇತ್ತು: ಆಳುಗಳ ಬಾಯಿಯಿಂದ ಆ ಮಾತು ಬರಲಿ, ಗಾಳೆಮ್ಮ ಚಿಗವ್ವ ಕೇಳಿಸಿಕೊಳ್ಳಲಿ. ಆಕೆ ಒಂದು ಮಾತು ಹೇಳದಿದ್ದರೆ ನಮ್ಮವ್ವನನ್ನು ಹಳ್ಳವೇ ಕೊಂದದ್ದು ಎಂದು ಆಗಿಹೋಗುತ್ತಿತ್ತು. ಹಳ್ಳಕ್ಕೆ ಬಾಯಿಲ್ಲ, ಯಾವ ಆಪಾದನೆಯನ್ನಾದರೂ ಹೊತ್ತುಕೊಳ್ಳುತ್ತದೆ.

ಊರಿನ ದೊಡ್ಡಾಟದ ಪೆಟ್ಟಿಗೆಯಿಂದ ಕಿರೀಟ, ಭುಜಕೀರ್ತಿ ಕೇಳಿ ತಂದೆವು. ಯಜಮಾನನ ಪಾತ್ರ ಮುಬಾಶಿರಾಳದು. ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ಆಕೆ ಕುಣಿದರೆ ಹಲಗೆ ಅದುರುತ್ತಿತ್ತು. ಎರಡು ನೀಲಿ ಸೀರೆ ಹಿಡಿದು ಅಲುಗಾಡಿಸಿದರೆ ಅದೇ ಸಮುದ್ರ. ಸಾರಥಿ ನಾನು. ಅಪ್ಪನ ತಾಳ ಕೇಳದೆಯೇ ತೆಗೆದುಕೊಂಡಿದ್ದೆ.

ಆಟ ರಂಗೇರಿತು. ಮುಬಾಶಿರಾ ಗಂಟು ಬಿಚ್ಚಿದಾಗ ಹುಡುಗರು ಶಿಳ್ಳೆ ಹೊಡೆದರು. ದೊಡ್ಡಾಟದಲ್ಲಿ ಕೇಡಿಗನಿಗೇ ಶಿಳ್ಳೆ ಜಾಸ್ತಿ. ಆಮೇಲೆ ಒಬ್ಬೊಬ್ಬ ಆಳನ್ನೂ ರಂಗಕ್ಕೆ ಕರೆದು ಕೇಳಿದೆ, ‘ಗಂಟು ಬಿಚ್ಚುವಾಗ ನೀನು ಎಲ್ಲಿದ್ದೆ?’ ಒಬ್ಬ ‘ಅನ್ನ ಬಸಿಯುತ್ತಿದ್ದೆ’ ಎಂದ. ಇನ್ನೊಬ್ಬ ‘ನಿದ್ದೆ ಹತ್ತಿತ್ತು’ ಎಂದ. ಜನ ನಕ್ಕರು. ಮೂರನೆಯವನು ತಲೆ ತಗ್ಗಿಸಿ, “ನೋಡೀನಿ ಸಾರಥಿ. ಆದ್ರ ನಾಳೆ ಮುಂಜಾನೆ ಅದ ಹಡಗ ಹತ್ತಬೇಕಲ್ಲ,” ಎಂದ.

ನಗು ನಿಂತುಹೋಯಿತು. ಹೆಂಗಸರ ನಡುವೆ ಗಾಳೆಮ್ಮ ಚಿಗವ್ವ ಸೆರಗು ಮುಖದ ಮೇಲೆ ಎಳೆದುಕೊಂಡಳು. ಆಕೆ ಎದ್ದು ಹೋಗುತ್ತಾಳೆ, ಎಲ್ಲ ಮುಗಿಯಿತು ಅಂದುಕೊಂಡೆ.

ಆಗ ಎದ್ದವನು ವಿರುಪಾಕ್ಷಿ. ನಮ್ಮ ಕಡೆ ಆಟ ಮೆಚ್ಚಿದವರು ನಡುವೆಯೇ ರಂಗ ಹತ್ತಿ ಪಾತ್ರಧಾರಿಗೆ ಆಹೇರಿ ಮಾಡುವುದುಂಟು, ಶಾಲು ಹೊದಿಸಿ ಹಾರ ಹಾಕುವುದು. ಅವನಿಗೆ ಮುಬಾಶಿರಾಳ ಯಜಮಾನ ಬಹಳ ಹಿಡಿಸಿದ್ದ. ಶಾಲು ಹಿಡಿದು, ಜನರ ಕಡೆ ನೋಡಿ ನಗುತ್ತಾ, ಮೆಟ್ಟಿಲು ಹತ್ತಿ ಬಂದ. ಬೇರೆ ಯಾವ ಯೋಚನೆಯೂ ಇಲ್ಲದೆ ನನ್ನ ಕೈ ತಾಳ ಬಡಿಯಿತು.

“ಭಲಾ! ಈ ರಂಗಮಂಟಪಕ್ಕೆ ಬಂದಂಥವರು ಧಾರು? ತಮ್ಮ ನಾಮಾಂಕಿತವೇನು?”

ಜನ ಹೋ ಎಂದರು. ಹೋತದ ಕಥೆ ಎಲ್ಲರಿಗೂ ನೆನಪಾಗಿರಬೇಕು. ವಿರುಪಾಕ್ಷಿಗೂ ಖುಷಿಯಾಯಿತು. ಎದೆ ಸೆಟೆಸಿ ಆಟದ ಧಾಟಿಯಲ್ಲೇ ಹೇಳಿದ, “ಭಳಿರೇ ಸಾರಥಿ! ಎರಡು ಟ್ರ್ಯಾಕ್ಟರಿನ ಒಡೆಯ ವಿರುಪಾಕ್ಷಿ ಎಂದು ತಿಳಿ!”

ಚಪ್ಪಾಳೆ ಬಿತ್ತು. ಅದು ಮುಗಿಯುವವರೆಗೂ ನಾನು ಕಾದೆ.

“ತಿಳಿಯಿತು ಒಡೆಯಾ. ತುಂಬಿದ ಹಳ್ಳದ ನಡುವೆ ತಾವು ಟ್ರ್ಯಾಕ್ಟರನ್ನು ಹಿಂದಕ್ಕೆ ತಂದ ಕಾರಣವೇನು?”

ಸಮುದ್ರ ಹಿಡಿದಿದ್ದ ಹುಡುಗಿಯರ ಕೈ ನಿಂತಿತು. ಸರ್ ಬದಿಯಿಂದ “ಸಹನಾ!” ಎಂದರು.

“ಏನಬೇ ಇದು?” ವಿರುಪಾಕ್ಷಿಯ ನಗು ಇನ್ನೂ ಮುಖದ ಮೇಲೆಯೇ ಇತ್ತು, ಅದನ್ನು ತೆಗೆಯುವುದು ಹೇಗೆಂದು ಗೊತ್ತಾಗಲಿಲ್ಲ ಅವನಿಗೆ. “ಆಟದಾಗ ಇದೆಲ್ಲ ಯಾಕ?”

“ರಂಗ ಹತ್ತಿದವರನ್ನ ಕೇಳೂದು ಸಾರಥಿ ಕೆಲಸ ಕಾಕಾ. ಹೇಳೂದು ನಿಮ್ಮ ಕೆಲಸ.”

“ಹಿಂದಕ್ಕ ಎಲ್ಲಿ ತಂದ್ನಿ? ಪಿನ್ನ ಮುರೀತು, ಊರಿಗೆಲ್ಲ ಗೊತ್ತೈತಿ. ನೀ ಇದ್ದೇನು ಅಲ್ಲಿ? ನೋಡಿದವರು ಯಾರರ ಇದ್ರ ಬಂದು ಹೇಳ್ಲಿ!” ಎಂದು ಜನರ ಕಡೆ ಕೈ ಬೀಸಿದ.

ನಾನು ಅಲ್ಲಿ ಇರಲಿಲ್ಲ, ನನ್ನ ಕೈಯಲ್ಲಿ ಇದ್ದದ್ದು ಎರಡು ಸಾಲು ಪದ್ಯ ಮಾತ್ರ. ಊರೆಲ್ಲ ನೆಲ ನೋಡುತ್ತಿತ್ತು. ಅಳಬಾರದು, ಇವನ ಮುಂದೆ ಮಾತ್ರ ಅಳಬಾರದು ಎಂದು ಹಲ್ಲು ಕಚ್ಚಿ ನಿಂತೆ.

ಹೆಂಗಸರ ನಡುವೆ ದಾರಿಯಾಯಿತು. ಗಾಳೆಮ್ಮ ಚಿಗವ್ವ ಬಂದಳು. ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟಳು, ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಹತ್ತಿ ಬಂದು ರಂಗದ ನಡುವೆ ನಿಂತಳು. ನಾನು ಕೇಳಬೇಕಿತ್ತು. ತಾಳ ಎತ್ತಿದೆ.

ಜನರ ಹಿಂದಿನಿಂದ, ಬೇವಿನ ಗಿಡದ ಕೆಳಗಿನಿಂದ, ವರ್ಷದಿಂದ ಊರು ಕೇಳದ ದನಿಯೊಂದು ಎದ್ದಿತು.

“ಈ ರಂಗಕ್ಕೆ ಬಂದಂಥವರು ಧಾರು? ತಮ್ಮ ನಾಮಾಂಕಿತವೇನು? ಬಂದ ಕಾರಣವೇನು?”

ಅಪ್ಪ. ಜನ ತಿರುಗಿ ನೋಡಿದರು. ಅವನು ಒಂದೊಂದೇ ಹೆಜ್ಜೆ ಮುಂದೆ ಬರುತ್ತಿದ್ದ. ಬರಿಗೈಯಲ್ಲೇ ತಾಳ ಹಾಕುತ್ತಿದ್ದ.

“ನಾ ಗಾಳೆಮ್ಮ,” ಎಂದಳು ಚಿಗವ್ವ. ಮೊದಲು ಮೆಲ್ಲಗೆ. ಆಮೇಲೆ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, “ನಾ ಗಾಳೆಮ್ಮ! ಟ್ರಾಲ್ಯಾಗ ಮುಂದ, ಬಲಗಡಿ ಕುಂತಿದ್ನಿ. ಶಿವಲಿಂಗಿ ನನ್ನ ಬಾಜೂಕ ಇದ್ಲು. ನೀರು ಟ್ರಾಲೀನ ಎಳ್ಯಾಕ ಹತ್ತಿದ ಕೂಡ್ಲೆ ಇವ ತಿರಿಗಿ ನೋಡಿದ. ಟ್ರ್ಯಾಕ್ಟರ್ ಹಿಂದಕ್ಕ ಬಂತು. ನಮ್ಮನ್ನ ಉಳಸಾಕ ಬಂದಾನಂತ ನಾವು ಇಬ್ಬರೂ ಕೈ ಮುಗದ್ವಿ. ಆಕಿ ‘ದೇವ್ರಂಥಾಂವ’ ಅಂದ್ಲು. ಇವ ಕೆಳಗ ಬಗ್ಗಿ ಪಿನ್ನ ತಗದ. ಮುರೀಲಿಲ್ಲ, ತಗದ! ಆಕಿ ಮುಗದ ಕೈ ಹಂಗ ಇತ್ತು, ನೀರಾಗ ಹೋದ್ಲು.”

ದೇವ್ರಂಥಾಂವ. ನಮ್ಮವ್ವನ ಕೊನೆಯ ಮಾತು ಅದು ಎಂದು ನನಗೆ ತಿಳಿದದ್ದು ಆವಾಗ, ಊರೆಲ್ಲರ ಮುಂದೆ. ನಾನು ಅತ್ತೆ. ಯಾರ ಮುಂದೆ ಅಳುತ್ತಿದ್ದೇನೆ ಎಂಬುದು ಮರೆತೇಹೋಯಿತು.

“ಮುದುಕಿಗೆ ತಲಿ ಕೆಟ್ಟೈತಿ!” ವಿರುಪಾಕ್ಷಿ ಕೂಗಿದ. ಕೆಳಗಿನಿಂದ ಇನ್ನೊಬ್ಬ ಹೆಂಗಸು ಎದ್ದು ನಿಂತಳು. “ನಾ ಹಿಂದ ಕುಂತಿದ್ನಿ, ಪಿನ್ನ ನೋಡಿಲ್ಲ. ಆದ್ರ ಗಾಡಿ ಹಿಂದಕ್ಕ ಬಂದು ಟ್ರಾಲಿ ಒಂದ ಸಲ ಜೋಲಿ ಹೊಡದದ್ದು ನನಗೂ ಗೊತ್ತಾತು.” ಆಮೇಲೆ ಇನ್ನೊಬ್ಬಳು, ‘ನನಗೂ.’ ವಿರುಪಾಕ್ಷಿ ಮೆಟ್ಟಿಲ ಕಡೆ ಹೊರಟ. ಮೆಟ್ಟಿಲ ಮೇಲೆ ನಮ್ಮ ಹಡಗಿನ ಆಳುಗಳು ನಿಂತಿದ್ದರು. ಯಾರೂ ಅವನನ್ನು ಮುಟ್ಟಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಅವನು ಶಾಲು ಬಿಸಾಕಿ ರಂಗದ ಹಿಂದಿನಿಂದ ಹಾರಿ ಹೋದ.

ಸರ್ ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮೈಕಿನ ಹತ್ತಿರ ಹೋಗಿ ಅದನ್ನು ಆರಿಸಿದರು. “ನಾಳೆ ಠಾಣೆಗೆ ನಾನೂ ಬರ್ತೀನಿ,” ಎಂದರು ಅಪ್ಪನಿಗೆ.

ಮರುದಿನ ಬೆಳಗ್ಗೆ ವಿರುಪಾಕ್ಷಿಯ ಟ್ರ್ಯಾಕ್ಟರ್ ಎಂದಿನಂತೆ ಊರಬಾಗಿಲ ಅಗಸಿಯ ಮುಂದೆ ಬಂದು ಹಾರ್ನ್ ಹೊಡೆಯಿತು. ಅವನ ಧೈರ್ಯ ನೋಡಿ! ಬಹಳ ಹೊತ್ತು ಹೊಡೆಯಿತು. ಯಾವ ಹೆಂಗಸೂ ಹತ್ತಲಿಲ್ಲ. ಗಾಳೆಮ್ಮ ಚಿಗವ್ವನ ಸೊಸೆ ಬುತ್ತಿಗಂಟು ಹಿಡಿದು ಅದರ ಮುಂದೆಯೇ ನಡೆದುಕೊಂಡು ಹೋದಳು, ಹಿಂದೆ ಉಳಿದವರು. ಚಿಗವ್ವ, ಅಪ್ಪ, ಸರ್, ನಾನು ಬಸ್ಸು ಹತ್ತಿ ಠಾಣೆಗೆ ಹೋದೆವು.

ಅವನಿಗೆ ಶಿಕ್ಷೆ ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಇದು ಪದ್ಯವಲ್ಲ. ವಕೀಲರನ್ನು ಇಡುತ್ತಾನೆ, ವಾಯಿದೆ ತೆಗೆದುಕೊಳ್ಳುತ್ತಾನೆ, ನಾವೂ ಬಿಡುವವರಲ್ಲ. ಠಾಣೆಯಲ್ಲಿ ಸಾಹೇಬರು ಕಾಗದ ಎದುರಿಗಿಟ್ಟುಕೊಂಡು, “ಹೆಸರು ಹೇಳವ್ವಾ,” ಎಂದರು. ಚಿಗವ್ವ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದಿದ್ದಳು. ಎರಡು ಹೆಜ್ಜೆ ಮುಂದಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊರಗೆ ಚಹಾ ಕುಡಿಯುತ್ತಿದ್ದವರು ಬಗ್ಗಿ ನೋಡುವ ಹಾಗೆ ಹೇಳಿದಳು:

“ನಾ ಗಾಳೆಮ್ಮ! ಟ್ರಾಲ್ಯಾಗ ಮುಂದ, ಬಲಗಡಿ ಕುಂತಾಕಿ!”

“ಮೆಲ್ಲಗ ಹೇಳವ್ವಾ, ಇಲ್ಲೇ ಅದೀನಲ್ಲ,” ಎಂದರು ಸಾಹೇಬರು.

“ಒಂದ ವರ್ಷ ಮೆಲ್ಲಗ ಇದ್ನಿರಿ ಸಾಹೇಬ್ರ,” ಎಂದಳು ಚಿಗವ್ವ. “ಇನ್ನ ಆಗಂಗಿಲ್ಲ. ಬರಕೊಳ್ರಿ.”